ಅಪಘಾತವೂ ಪರಿಹಾರದ ಹಕ್ಕೂ

ಮುಂಬಯಿಯಂತಹ ಮಹಾನಗರದಲ್ಲಿ ವಾಸಿಸುವ ನಾವೆಲ್ಲರೂ ದಿನಕ್ಕೆ ಎರಡು ಬಾರಿಯಾದರೂ ರಸ್ತೆಯನ್ನು ದಾಟುತ್ತೇವೆ. ಬಸ್ಸಿನಲ್ಲಿಯೋ ಲೋಕಲ್ ಗಾಡಿಯಲ್ಲಿಯೋ ನೂಕುನುಗ್ಗಲಿನ ನಡುವೆ ಪ್ರಯಾಣ ಮಾಡುತ್ತೇವೆ. ರಸ್ತೆಯನ್ನು ಹೇಗೆ ದಾಟಬೇಕೆಂಬುದನ್ನು ನಮಗೆ ಮೊದಲನೆಯ ಇಯತ್ತೆಯಿಂದಲೇ ಕಲಿಸುತ್ತಾರೆ. ಆದರೆ, ನಾವು ಎಷ್ಟೇ ಎಚ್ಚರದಿಂದ ನಡೆದರೂ ಇನ್ನೊಬ್ಬರ ಅಜಾಗರೂಕತೆಯಿಂದ ನಮಗೆ ಪೆಟ್ಟಾದರೆ ನಮಗಿರುವ ಹಕ್ಕೇನು ಎಂಬುದನ್ನು ಯಾವ ಇಯತ್ತೆಯಲ್ಲಿಯೂ ಕಲಿಸುವುದಿಲ್ಲ. ಆ ವಿಷಯವನ್ನು ಕುರಿತು ವಿದ್ಯಾರ್ಥಿ ಬಂಧುಗಳಿಗೆ ನಾಲ್ಕು ಮಾತುಗಳನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಅಪಘಾತವಾದಾಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಮಾತುಗಳು ಕೇಳಿಬರುತ್ತವೆ. "ಹಣೆಯಲ್ಲಿ ಬರೆದದ್ದನ್ನು ತಪ್ಪಿಸುವವರಾರು?" ಎಂಬುದು ಮೊದಲನೆಯದು. "ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ, ನಮಗೇಕೆ ಆ ಉಸಾಬರಿ?" ಎಂಬುದು ಎರಡನೆಯದು. ವಾಹನದ ಮಾಲೀಕನು ಆಸ್ಪತ್ರೆಯ ಬಾಗಿಲಿನಲ್ಲಿ ಕೈಗಿತ್ತ ನಾಲ್ಕು ನೋಟುಗಳನ್ನು ಎಣಿಸಿ "ಇಷ್ಟಾದರೂ ಕೊಟ್ಟನಲ್ಲ, ಪುಣ್ಯಾತ್ಮ!" ಎನ್ನುವುದು ಮೂರನೆಯದು. ಈ ಮೂರು ಮಾತುಗಳ ಫಲವೂ ಒಂದೇ. ದುಡಿಯುವ ಕೈ ಮೂಲೆ ಸೇರುತ್ತದೆ. ಆಸ್ಪತ್ರೆಯ ಸಾಲ ಬೆಳೆಯುತ್ತದೆ. ಮನೆಯ ಒಡವೆ ಅಡವಿಗೆ ಹೋಗುತ್ತದೆ. ಕೊನೆಗೆ ಓದುತ್ತಿರುವ ಮಗನೋ ಮಗಳೋ ಪುಸ್ತಕವನ್ನು ಕಟ್ಟಿಟ್ಟು ಕೆಲಸಕ್ಕೆ ಹೊರಡಬೇಕಾಗುತ್ತದೆ. ತಪ್ಪು ಮಾಡಿದವನು ಒಬ್ಬ, ಬೆಲೆ ತೆರುವವನು ಇನ್ನೊಬ್ಬ. ಇದು ವಿಧಿಯಲ್ಲ, ಹಕ್ಕಿನ ಅರಿವಿಲ್ಲದುದರ ಪರಿಣಾಮ. ಆದುದರಿಂದ ಈ ವಿಷಯವು ಹಿರಿಯರಿಗೆ ಮಾತ್ರ ಸಂಬಂಧಿಸಿದ್ದೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ.

'ಪರಿಹಾರ' ಎಂಬ ಶಬ್ದವನ್ನು ಗಮನಿಸೋಣ. ದೋಷಪರಿಹಾರ, ಸಂಶಯಪರಿಹಾರ ಎಂಬಲ್ಲಿ ಅದಕ್ಕೆ ನಿವಾರಣೆ, ಹೋಗಲಾಡಿಸುವಿಕೆ ಎಂಬ ಅರ್ಥವಿದೆ. ಕಾಯಿದೆಯಲ್ಲಿಯೂ ಅದರ ತಾತ್ಪರ್ಯ ಅದೇ. ಗಾಯಗೊಂಡವನು ಅಪಘಾತಕ್ಕೆ ಮುನ್ನ ಯಾವ ಸ್ಥಿತಿಯಲ್ಲಿದ್ದನೋ, ಹಣದಿಂದ ಸಾಧ್ಯವಾಗುವ ಮಟ್ಟಿಗೆ, ಅವನನ್ನು ಆ ಸ್ಥಿತಿಗೆ ಮರಳಿಸುವುದೇ ಪರಿಹಾರದ ಗುರಿ. ಕಳೆದುಹೋದ ಕಾಲನ್ನು ಯಾವ ನ್ಯಾಯಾಲಯವೂ ಮರಳಿ ಕೊಡಲಾರದು. ಆದರೆ ಕಾಲು ಹೋದುದರಿಂದ ಕೈಬಿಟ್ಟುಹೋದ ಸಂಬಳವನ್ನು, ಔಷಧದ ವೆಚ್ಚವನ್ನು, ಕೃತಕ ಕಾಲಿನ ಬೆಲೆಯನ್ನು ಅದು ಲೆಕ್ಕ ಹಾಕಿ ಕೊಡಿಸಬಲ್ಲದು. ಹೀಗೆ ದೊರೆಯುವ ಹಣವು ದಾನವಲ್ಲ, ಬಹುಮಾನವೂ ಅಲ್ಲ. ಅದು ಸಲ್ಲಬೇಕಾದ ಬಾಕಿ.

ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ತಿಳಿದುಕೊಳ್ಳಬೇಕು. ಒಬ್ಬ ಚಾಲಕನು ಅತಿವೇಗದಿಂದ ವಾಹನ ನಡೆಸಿ ಒಬ್ಬನನ್ನು ಗಾಯಗೊಳಿಸಿದರೆ ಅದರಿಂದ ಎರಡು ಪ್ರತ್ಯೇಕ ವ್ಯವಹಾರಗಳು ಹುಟ್ಟುತ್ತವೆ. ಒಂದು, ಸರ್ಕಾರವು ಚಾಲಕನ ಮೇಲೆ ಹೂಡುವ ಕ್ರಿಮಿನಲ್ ಮೊಕದ್ದಮೆ. ಅದರ ಉದ್ದೇಶ ಶಿಕ್ಷೆ. ಇನ್ನೊಂದು, ಗಾಯಗೊಂಡವನು ಸಲ್ಲಿಸುವ ಪರಿಹಾರದ ಅರ್ಜಿ. ಅದರ ಉದ್ದೇಶ ನಷ್ಟವನ್ನು ತುಂಬಿಕೊಡುವುದು. ಮೊದಲನೆಯದರಲ್ಲಿ ಅಪರಾಧವು ಸಂದೇಹಕ್ಕೆ ಎಡೆಯಿಲ್ಲದಂತೆ ಸಿದ್ಧವಾಗಬೇಕು. ಎರಡನೆಯದರಲ್ಲಿ 'ಹೀಗೆ ನಡೆದಿರುವ ಸಂಭವವೇ ಹೆಚ್ಚು' ಎಂದು ಕಂಡುಬಂದರೆ ಸಾಕು. ಆದುದರಿಂದಲೇ, ಕ್ರಿಮಿನಲ್ ನ್ಯಾಯಾಲಯದಲ್ಲಿ ಚಾಲಕನು ಬಿಡುಗಡೆಯಾದನೆಂಬ ಮಾತ್ರಕ್ಕೆ ಪರಿಹಾರದ ಅರ್ಜಿಯು ಬಿದ್ದುಹೋಗದೆಂದು ಸರ್ವೋಚ್ಚ ನ್ಯಾಯಾಲಯವು 1980ರಲ್ಲಿಯೇ ಹೇಳಿದೆ. "ಪೊಲೀಸ್ ಕೇಸು ಹೋಯಿತು, ಇನ್ನೇನು ಉಳಿಯಿತು?" ಎಂದು ನಿರಾಶರಾಗುವವರು ಈ ಮಾತನ್ನು ನೆನಪಿಡತಕ್ಕದ್ದು.

ಈ ಹಕ್ಕು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಪರರ ತಪ್ಪಿನಿಂದ ಮೃತನಾದವನ ಕುಟುಂಬದವರು ಪರಿಹಾರ ಕೇಳಬಹುದೆಂಬ ಕಾಯಿದೆ ನಮ್ಮ ದೇಶದಲ್ಲಿ 1855ರಲ್ಲಿ ಬಂದಿತು. ಕೆಲಸದಲ್ಲಿ ಗಾಯಗೊಂಡ ಕಾರ್ಮಿಕರಿಗಾಗಿ 1923ರಲ್ಲಿ ಬೇರೊಂದು ಕಾಯಿದೆಯಾಯಿತು. ಅದರ ಸ್ಥಾನವನ್ನು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆ ವಹಿಸಿಕೊಂಡಿದೆ. ಮೋಟಾರುಗಳು ಹೆಚ್ಚಿದಂತೆ 1939ರ ಮೋಟಾರು ವಾಹನ ಕಾಯಿದೆ ಹೊರಬಂದಿತು. ಆದರೆ ಪರಿಹಾರ ಬೇಕಾದ ಬಡವನು ಸಾಧಾರಣ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಈ ತೊಂದರೆಯನ್ನು ನಿವಾರಿಸಲು 1956ರ ತಿದ್ದುಪಡಿಯಿಂದ ಅಪಘಾತ ಪರಿಹಾರಕ್ಕಾಗಿಯೇ ಪ್ರತ್ಯೇಕ ನ್ಯಾಯಮಂಡಳಿಗಳನ್ನು ಸ್ಥಾಪಿಸಲು ಅವಕಾಶವಾಯಿತು. ಇಂದು ಜಾರಿಯಲ್ಲಿರುವುದು 1988ರ ಮೋಟಾರು ವಾಹನ ಕಾಯಿದೆ. 2019ರಲ್ಲಿ ಅದಕ್ಕೆ ಮಹತ್ತ್ವದ ತಿದ್ದುಪಡಿಗಳಾಗಿವೆ.

"ಪರಿಹಾರ ಕೊಡೆಂದು ಆಜ್ಞೆಯಾದರೂ ಬಡ ರಿಕ್ಷಾ ಚಾಲಕನು ಎಲ್ಲಿಂದ ತಂದಾನು?" ಎಂಬ ಪ್ರಶ್ನೆ ಸಹಜವಾದದ್ದು. ಇದಕ್ಕೆ ಉತ್ತರವೇ ವಿಮೆ. ಸಾರ್ವಜನಿಕ ಸ್ಥಳದಲ್ಲಿ ಓಡುವ ಪ್ರತಿಯೊಂದು ಮೋಟಾರು ವಾಹನಕ್ಕೂ ಮೂರನೆಯವರ ಹಾನಿಯನ್ನು ತುಂಬಿಕೊಡುವ ವಿಮೆ ಇರಲೇಬೇಕೆಂದು ಕಾಯಿದೆ ವಿಧಿಸಿದೆ. ವಿಮಾ ಸಂಸ್ಥೆ ಒಂದು ಪಕ್ಷ, ವಾಹನದ ಮಾಲೀಕ ಎರಡನೆಯ ಪಕ್ಷ, ಇವರಿಬ್ಬರ ಕರಾರಿಗೆ ಹೊರಗಿನವನಾದ ದಾರಿಹೋಕನೇ ಈ 'ಮೂರನೆಯವನು'. ಲಕ್ಷಾಂತರ ಮಾಲೀಕರು ವರ್ಷವರ್ಷವೂ ಕಟ್ಟುವ ಕಂತುಗಳು ಒಂದು ದೊಡ್ಡ ನಿಧಿಯಾಗುತ್ತವೆ. ಗಾಯಗೊಂಡವನಿಗೆ ದೊರೆಯುವ ಪರಿಹಾರವು ಆ ನಿಧಿಯಿಂದ ಬರುತ್ತದೆಯೇ ಹೊರತು ಸಾಮಾನ್ಯವಾಗಿ ಚಾಲಕನ ಮನೆಯ ಅನ್ನದ ತಟ್ಟೆಯಿಂದಲ್ಲ. ಹೀಗಾಗಿ, "ಪಾಪ, ಅವನೂ ಬಡವ" ಎಂಬ ಕನಿಕರದಿಂದ ತನ್ನ ಹಕ್ಕನ್ನು ಬಿಟ್ಟುಕೊಡುವವನು ಬಡವನಿಗೆ ಉಪಕಾರ ಮಾಡಿದಂತಾಗುವುದಿಲ್ಲ.

ಪರಿಹಾರ ಪಡೆಯಬೇಕಾದರೆ ಸಾಮಾನ್ಯವಾಗಿ ಎದುರು ಪಕ್ಷದ ನಿರ್ಲಕ್ಷ್ಯವನ್ನು ತೋರಿಸಬೇಕು. ವಿವೇಕವುಳ್ಳ ಮನುಷ್ಯನು ಅಂತಹ ಸಂದರ್ಭದಲ್ಲಿ ವಹಿಸುವಷ್ಟು ಎಚ್ಚರವನ್ನು ವಹಿಸದಿರುವುದೇ ನಿರ್ಲಕ್ಷ್ಯ. ಕೆಂಪು ದೀಪವಿದ್ದಾಗ ನುಗ್ಗುವುದು, ಶಾಲೆಯ ಮುಂದೆ ವೇಗವನ್ನು ತಗ್ಗಿಸದಿರುವುದು, ಪ್ರಯಾಣಿಕನು ಇಳಿಯುವ ಮೊದಲೇ ಬಸ್ಸನ್ನು ಹೊರಡಿಸುವುದು, ಇವೆಲ್ಲ ಅದಕ್ಕೆ ಉದಾಹರಣೆಗಳು. ಗಾಯಗೊಂಡವನದೂ ಸ್ವಲ್ಪ ತಪ್ಪಿದ್ದರೆ ಅವನ ಹಕ್ಕು ಪೂರ್ತಿಯಾಗಿ ಅಳಿಯುವುದಿಲ್ಲ. ತಪ್ಪಿನ ಪಾಲಿಗೆ ತಕ್ಕಂತೆ ಮೊತ್ತ ಕಡಮೆಯಾಗುತ್ತದೆ. ಒಟ್ಟು ಪರಿಹಾರ 1,00,000 ರೂಪಾಯಿಯಾಗಿದ್ದು, ಗಾಯಾಳುವಿನ ತಪ್ಪು ಕಾಲುಭಾಗವೆಂದು ತೀರ್ಮಾನವಾದರೆ ಅವನಿಗೆ 75,000 ರೂಪಾಯಿ ಸಲ್ಲುತ್ತದೆ. ಮೊಬೈಲು ನೋಡುತ್ತ ರಸ್ತೆ ದಾಟುವವರು ಈ ಲೆಕ್ಕವನ್ನು ಗಮನಿಸಬೇಕು.

ಇನ್ನು ಮೊತ್ತವನ್ನು ಹೇಗೆ ನಿರ್ಣಯಿಸುತ್ತಾರೆಂಬುದನ್ನು ನೋಡೋಣ. ಗಣಿತವೆಂದರೆ ಮೂಗು ಮುರಿಯುವವರಿಗೂ ಇಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ನಷ್ಟಗಳು ಎರಡು ವಿಧ. ಹಣದಲ್ಲಿ ಎಣಿಸಬಹುದಾದವು ಕೆಲವು: ಚಿಕಿತ್ಸೆ, ಔಷಧ, ಆಸ್ಪತ್ರೆಗೆ ಹೋಗಿಬರುವ ವೆಚ್ಚ, ಪೌಷ್ಟಿಕ ಆಹಾರ, ಹಾಸಿಗೆ ಹಿಡಿದಿದ್ದ ಅವಧಿಯಲ್ಲಿ ತಪ್ಪಿದ ಸಂಬಳ, ಶಾಶ್ವತ ಅಂಗವೈಕಲ್ಯದಿಂದ ಮುಂದೆ ತಪ್ಪಲಿರುವ ಸಂಪಾದನೆ, ಮುಂದೆ ಬೇಕಾಗುವ ಶಸ್ತ್ರಚಿಕಿತ್ಸೆ. ಹಣದಲ್ಲಿ ಎಣಿಸಲಾಗದವು ಮತ್ತೆ ಕೆಲವು: ನೋವು ಮತ್ತು ಯಾತನೆ, ಬಾಳಿನ ಸುಖಸೌಕರ್ಯಗಳ ಹಾನಿ, ಆಯುಷ್ಯದ ಕುಂದು. ಈ ಎರಡನೆಯ ವಿಧದ ನಷ್ಟಕ್ಕೂ ನ್ಯಾಯಮಂಡಳಿಯು ಒಂದು ಉಚಿತ ಮೊತ್ತವನ್ನು ಗೊತ್ತುಪಡಿಸುತ್ತದೆ.

ಈ ತಲೆಬರಹಗಳನ್ನು ಕ್ರಮಬದ್ಧವಾಗಿ ವಿವರಿಸಿದ್ದು ಸರ್ವೋಚ್ಚ ನ್ಯಾಯಾಲಯದ 2010ರ ಒಂದು ತೀರ್ಪು. ಆ ನ್ಯಾಯಪೀಠದಲ್ಲಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರು ಅದಕ್ಕೆ ಮುಂಚೆ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದವರೆಂಬುದು ಕನ್ನಡಿಗರಾದ ನಮಗೆ ಸಂತೋಷದ ಸಂಗತಿ. ವೈದ್ಯರು ಹೇಳುವ ಅಂಗವೈಕಲ್ಯದ ಪ್ರಮಾಣವೇ ಸಂಪಾದನಾ ಶಕ್ತಿಯ ನಷ್ಟದ ಪ್ರಮಾಣವಲ್ಲ ಎಂಬುದು ಆ ತೀರ್ಪಿನ ಸಾರ. ಎಡಗೈಯನ್ನು ಕಳೆದುಕೊಂಡ ಬಡಗಿಯನ್ನೂ ಅದೇ ಕೈಯನ್ನು ಕಳೆದುಕೊಂಡ ಸರ್ಕಾರಿ ಗುಮಾಸ್ತನನ್ನೂ ಹೋಲಿಸಿ ನೋಡಿರಿ. ದೇಹಕ್ಕಾದ ಊನ ಇಬ್ಬರಿಗೂ ಒಂದೇ. ಆದರೆ ಗುಮಾಸ್ತನ ಕೆಲಸ ಉಳಿಯಬಹುದು. ಬಡಗಿಯ ಕಸುಬು ಸಂಪೂರ್ಣವಾಗಿ ಹೋದಂತೆಯೇ. ಆದುದರಿಂದ ಗಾಯಾಳುವಿನ ಕಸುಬು ಯಾವುದು, ಈಗ ಅವನು ಏನು ಮಾಡಬಲ್ಲ, ಏನು ಮಾಡಲಾರ ಎಂಬುದನ್ನು ವಿಚಾರಿಸಿಯೇ ನಷ್ಟವನ್ನು ನಿರ್ಣಯಿಸಬೇಕು.

ಒಂದು ಕಲ್ಪಿತ ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಉಡುಪಿ ಹೋಟೆಲಿನ ಒಬ್ಬ ಅಡಿಗೆಯವನಿಗೆ 28 ವರ್ಷ. ತಿಂಗಳ ಸಂಪಾದನೆ 15,000 ರೂಪಾಯಿ. ಲಾರಿಯ ಚಾಲಕನ ತಪ್ಪಿನಿಂದ ಅವನ ಬಲಗೈ ಜಖಮಾಯಿತು. ವೈದ್ಯರು ಅಂಗವೈಕಲ್ಯವನ್ನು ಶೇಕಡಾ 40 ಎಂದರು. ಅಡಿಗೆಯ ಕೆಲಸಕ್ಕೆ ಬಲಗೈ ಎಷ್ಟು ಮುಖ್ಯವೆಂಬುದನ್ನು ನೋಡಿ ನ್ಯಾಯಮಂಡಳಿಯು ಸಂಪಾದನಾ ನಷ್ಟವನ್ನು ಶೇಕಡಾ 60 ಎಂದು ತೀರ್ಮಾನಿಸಿತು ಎಂದಿಟ್ಟುಕೊಳ್ಳೋಣ. ವರ್ಷದ ಸಂಪಾದನೆ 1,80,000 ರೂಪಾಯಿ. 40 ವರ್ಷದೊಳಗಿನ ಇಂತಹವರ ವಿಷಯದಲ್ಲಿ ಮುಂದಿನ ಏಳಿಗೆಗಾಗಿ ಶೇಕಡಾ 40ನ್ನು ಸೇರಿಸಬೇಕೆಂದು 2017ರ ತೀರ್ಪೊಂದು ಹೇಳುತ್ತದೆ. ಗಾಯಗೊಂಡು ಬದುಕುಳಿದವರಿಗೂ ಈ ಏಳಿಗೆಯ ಲೆಕ್ಕ ಸಲ್ಲುತ್ತದೆಂದು 2020ರಲ್ಲಿ ಸ್ಪಷ್ಟವಾಗಿದೆ. ಹಾಗೆ ಸೇರಿಸಿದಾಗ 2,52,000 ಆಯಿತು. ಅದರ ಶೇಕಡಾ 60 ಎಂದರೆ 1,51,200. ಇದು ಒಂದು ವರ್ಷದ ನಷ್ಟ.

ಇದನ್ನು ಎಷ್ಟು ವರ್ಷಗಳಿಂದ ಗುಣಿಸಬೇಕು? ಅವನು 60 ವರ್ಷದವರೆಗೆ ದುಡಿಯುತ್ತಿದ್ದನೆಂದು 32ರಿಂದ ಗುಣಿಸುವುದಿಲ್ಲ. ಏಕೆಂದರೆ ಹಣವು ಒಮ್ಮೆಗೇ ಕೈಸೇರಿ ಬಡ್ಡಿಯನ್ನು ತರುತ್ತದೆ. ಅಲ್ಲದೆ ಮನುಷ್ಯನ ಆಯುಷ್ಯ ಆರೋಗ್ಯಗಳೂ ನಿಶ್ಚಿತವಲ್ಲ. ಇದಕ್ಕಾಗಿ ವಯಸ್ಸಿಗೆ ತಕ್ಕ ಗುಣಕಗಳ ಒಂದು ಕೋಷ್ಟಕವನ್ನು 2009ರ ತೀರ್ಪಿನಲ್ಲಿ ಗೊತ್ತುಮಾಡಲಾಗಿದೆ. ಅದನ್ನು ಬರೆದವರೂ ಮೇಲೆ ಹೇಳಿದ ನ್ಯಾಯಮೂರ್ತಿಗಳೇ. 15ರಿಂದ 25 ವರ್ಷದವರಿಗೆ ಗುಣಕ 18. 26ರಿಂದ 30ರವರೆಗೆ 17. 31ರಿಂದ 35ರವರೆಗೆ 16. ಹೀಗೆ ಇಳಿಯುತ್ತ ಹೋಗಿ 61ರಿಂದ 65 ವರ್ಷದವರಿಗೆ 7 ಆಗುತ್ತದೆ. ನಮ್ಮ ಅಡಿಗೆಯವನ ಗುಣಕ 17. ಆದುದರಿಂದ 1,51,200ನ್ನು 17ರಿಂದ ಗುಣಿಸಿದರೆ 25,70,400 ರೂಪಾಯಿ ಬರುತ್ತದೆ. ವೈದ್ಯರ ಶೇಕಡಾ 40ನ್ನೇ ಹಿಡಿದಿದ್ದರೆ 17,13,600 ರೂಪಾಯಿ ಮಾತ್ರ ಬರುತ್ತಿತ್ತು. ಕಸುಬಿನ ವಿವರವನ್ನು ಸರಿಯಾಗಿ ಮುಂದಿಟ್ಟದ್ದರಿಂದ ಆದ ಅಂತರ 8,56,800 ರೂಪಾಯಿ. ಚಿಕಿತ್ಸೆಯ ವೆಚ್ಚವೂ ನೋವಿನ ಬಾಬ್ತೂ ಬೇರೆ. ಆಸ್ಪತ್ರೆಯ ಬಾಗಿಲಿನ ನಾಲ್ಕು ನೋಟುಗಳೊಂದಿಗೆ ಇದನ್ನು ಹೋಲಿಸಿ ನೋಡಬಹುದು.

ಸಂಪಾದನೆಯೇ ಇಲ್ಲದ ಮಕ್ಕಳಿಗೆ ಪೆಟ್ಟಾದರೆ ಏನು ಗತಿ? 2007ರಲ್ಲಿ ರಸ್ತೆ ಅಪಘಾತವೊಂದರಲ್ಲಿ 12 ವರ್ಷದ ಬಾಲಿಕೆಯೊಬ್ಬಳ ಮಿದುಳಿಗೆ ತೀವ್ರ ಪೆಟ್ಟಾಗಿ, ಅವಳು ಜೀವಮಾನವೆಲ್ಲ ಇತರರನ್ನೇ ಅವಲಂಬಿಸುವಂತಾಯಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಗುವೆಂಬ ಕಾರಣಕ್ಕೆ ಅವಳ ಸಂಪಾದನೆಯನ್ನು ಅತ್ಯಲ್ಪವೆಂದು ಎಣಿಸುವುದು ನ್ಯಾಯವಲ್ಲವೆಂದು ತೀರ್ಮಾನಿಸಿತು. ಬೆಳೆದು ಕುಶಲ ಕೆಲಸಗಾರಳಾಗಿದ್ದರೆ ದೊರೆಯಬಹುದಾಗಿದ್ದ ಕನಿಷ್ಠ ವೇತನವಾದ 4,846 ರೂಪಾಯಿಯನ್ನು ಹಿಡಿದು, ಅದಕ್ಕೆ ಶೇಕಡಾ 40ನ್ನು ಸೇರಿಸಿ, 18ರ ಗುಣಕದಿಂದ ಲೆಕ್ಕ ಹಾಕಿತು. ಅವಳನ್ನು ನೋಡಿಕೊಳ್ಳುವವರ ವೇತನ, ಮುಂದಿನ ಚಿಕಿತ್ಸೆ, ಯಾತನೆ ಇವೆಲ್ಲವನ್ನೂ ಸೇರಿಸಿ ಒಟ್ಟು 62 ಲಕ್ಷ ರೂಪಾಯಿಗಳಿಗೂ ಮಿಕ್ಕಿದ ಪರಿಹಾರವನ್ನು ಕೊಡಿಸಿತು. ಮನೆಯಲ್ಲಿ ದುಡಿಯುವ ತಾಯಂದಿರ ವಿಷಯವೂ ಹೀಗೆಯೇ. ಸಂಬಳವಿಲ್ಲವೆಂದ ಮಾತ್ರಕ್ಕೆ ಗೃಹಿಣಿಯ ದುಡಿಮೆಗೆ ಬೆಲೆಯಿಲ್ಲವೆನ್ನಲಾಗದೆಂದು ಅದೇ ನ್ಯಾಯಾಲಯವು 2021ರಲ್ಲಿ ಒತ್ತಿ ಹೇಳಿತು. ಕುಟುಂಬಕ್ಕಾಗಿ ಬೆಳಗಿನಿಂದ ರಾತ್ರಿಯವರೆಗೆ ದುಡಿಯುವವಳ ಶ್ರಮಕ್ಕೆ ಕಾಯಿದೆಯ ಕಣ್ಣಿನಲ್ಲಿಯೂ ಮಾನವಿದೆ.

ಮಕ್ಕಳ ಪರವಾಗಿ ತಂದೆ ತಾಯಿಯರಾಗಲಿ ಪಾಲಕರಾಗಲಿ ಅರ್ಜಿ ಸಲ್ಲಿಸಬೇಕು. ಮಕ್ಕಳಿಗೆ ಸಲ್ಲುವ ಹಣವನ್ನು ಅವರು ಪ್ರಾಪ್ತವಯಸ್ಕರಾಗುವವರೆಗೆ ಬ್ಯಾಂಕಿನಲ್ಲಿ ಮುದ್ದತು ಠೇವಣಿಯಾಗಿ ಇಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ಮಾರ್ಗದರ್ಶನ ನೀಡಿದೆ. ಒಮ್ಮೆಗೇ ಬಂದ ಹಣವು ಯಾರದೋ ಆಸೆಗೆ ಕರಗಿಹೋಗದಿರಲೆಂದು ಮಾಡಿದ ಏರ್ಪಾಡು ಇದು.

ಅಪಘಾತವಾದ ಕೂಡಲೆ ಮಾಡತಕ್ಕದ್ದೇನು? ಮೊದಲನೆಯದು ಚಿಕಿತ್ಸೆ, ಉಳಿದುದೆಲ್ಲ ಆಮೇಲೆ. 112 ಸಂಖ್ಯೆಗೆ ಕರೆಮಾಡಿದರೆ ನೆರವು ದೊರೆಯುತ್ತದೆ. ಪೊಲೀಸರ ಕಾಗದಪತ್ರಗಳಿಗಾಗಿ ಕಾಯದೆ ಗಾಯಾಳುವಿಗೆ ಚಿಕಿತ್ಸೆ ಕೊಡುವುದು ಸರ್ಕಾರಿ ಹಾಗೂ ಖಾಸಗಿ ವೈದ್ಯರೆಲ್ಲರ ಕರ್ತವ್ಯವೆಂದು 1989ರ ತೀರ್ಪೊಂದು ಸಾರಿದೆ. 2025ರ ಮೇ ತಿಂಗಳಿನಲ್ಲಿ ಪ್ರಕಟವಾದ ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ, 1,50,000 ರೂಪಾಯಿಗೆ ಮೀರದಂತೆ, ನಗದು ಕಟ್ಟದೆ ಚಿಕಿತ್ಸೆ ದೊರೆಯತಕ್ಕದ್ದು. ಎರಡನೆಯದು, ವಾಹನದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು. ಮೂರನೆಯದು, ಠಾಣೆಯಲ್ಲಿ ದೂರು ಕೊಟ್ಟು ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಪಡೆಯುವುದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ ತನಿಖೆಯ ಅಧಿಕಾರಿಯು 48 ಗಂಟೆಗಳೊಳಗೆ ಮೊದಲನೆಯ ಅಪಘಾತ ವರದಿಯನ್ನೂ, 90 ದಿನಗಳೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಒಪ್ಪಿಸಬೇಕು. ನಾಲ್ಕನೆಯದು, ಕಾಗದಗಳನ್ನು ಕಾಪಾಡುವುದು. ಔಷಧದ ಅಂಗಡಿಯ ರಸೀದಿ, ಎಕ್ಸ್‌ರೇ, ಆಸ್ಪತ್ರೆಯಿಂದ ಬಿಡುಗಡೆಯಾದ ಪತ್ರ, ಸಂಬಳದ ಚೀಟಿ, ವಯಸ್ಸಿನ ದಾಖಲೆ, ಅಂಗವೈಕಲ್ಯದ ಪ್ರಮಾಣಪತ್ರ ಇವೆಲ್ಲವೂ ಒಂದು ಚೀಲದಲ್ಲಿ ಒಟ್ಟಿಗಿರಲಿ. ಇಂದು ಕಸವೆಂದು ಎಸೆದ ರಸೀದಿ ನಾಳೆ ಸಾವಿರ ರೂಪಾಯಿಗೆ ಸಾಕ್ಷಿಯಾಗಬಹುದಿತ್ತು. ಬರೆದುದನ್ನು ಓದದೆ ಸಹಿ ಮಾಡಕೂಡದು. ಖಾಲಿ ಕಾಗದದ ಮೇಲೆ ಹೆಬ್ಬೆಟ್ಟನ್ನು ಒತ್ತಲೇಕೂಡದು.

ಅರ್ಜಿಯನ್ನು ಎಲ್ಲಿ ಸಲ್ಲಿಸಬೇಕೆಂಬ ವಿಷಯದಲ್ಲಿ ನಮ್ಮಂತಹ ಹೊರನಾಡ ಕನ್ನಡಿಗರಿಗೆ ಕಾಯಿದೆಯು ಒಂದು ದೊಡ್ಡ ಅನುಕೂಲವನ್ನು ಮಾಡಿಕೊಟ್ಟಿದೆ. ಬೇಸಗೆಯ ರಜೆಗೆ ಊರಿಗೆ ಹೋಗುವಾಗ ಹುಬ್ಬಳ್ಳಿಯ ಬಳಿಯೋ ಉಡುಪಿಯ ಬಳಿಯೋ ಅಪಘಾತವಾದರೆ ಅಲ್ಲಿಯೇ ಮೊಕದ್ದಮೆ ನಡೆಸಬೇಕೆಂದಿಲ್ಲ. ಅಪಘಾತ ನಡೆದ ಸ್ಥಳದಲ್ಲಿ, ಎದುರು ಪಕ್ಷದವರು ವಾಸಿಸುವ ಸ್ಥಳದಲ್ಲಿ, ಅಥವಾ ಅರ್ಜಿದಾರರು ವಾಸಿಸುವ ಸ್ಥಳದಲ್ಲಿ ಅರ್ಜಿಯನ್ನು ಸಲ್ಲಿಸಬಹುದು. ಎಂದರೆ ಮುಂಬಯಿಯ ನ್ಯಾಯಮಂಡಳಿಯಲ್ಲಿಯೇ ಕೇಳಬಹುದು. ಆದರೆ ಕರ್ನಾಟಕದ ಠಾಣೆಯ ದೂರೂ ಪಂಚನಾಮೆಯೂ ಸಾಮಾನ್ಯವಾಗಿ ಕನ್ನಡದಲ್ಲಿರುತ್ತವೆ. ಅವುಗಳಲ್ಲಿ ಏನು ಬರೆದಿದೆ, ರಸ್ತೆಯ ಯಾವ ಬದಿಯಲ್ಲಿ ಅಪಘಾತವಾಯಿತೆಂದಿದೆ, ಹೆಸರೂ ವಯಸ್ಸೂ ಸರಿಯಾಗಿವೆಯೇ ಎಂಬುದನ್ನು ಓದಿ ಇಲ್ಲಿಯ ವಕೀಲರಿಗೆ ತಿಳಿಸುವವರು ಬೇಕು. "ಈ ಊರಿನಲ್ಲಿ ಕನ್ನಡ ಕಲಿತು ಏನು ಪ್ರಯೋಜನ?" ಎಂದು ನಮ್ಮನ್ನು ಕೇಳುವವರಿಗೆ ಇದೂ ಒಂದು ಉತ್ತರವಾದೀತು. ಕನ್ನಡ ಶಾಲೆಯಲ್ಲಿ ಓದಿದ ಮಗುವು ತನ್ನ ಮನೆಯವರ ಹಕ್ಕಿನ ಕಾಗದವನ್ನು ತಾನೇ ಓದಬಲ್ಲದು.

ಕಾಲದ ಮಿತಿಯನ್ನು ಮರೆಯಬಾರದು. 2019ರ ತಿದ್ದುಪಡಿಯಂತೆ ಅಪಘಾತವಾದ 6 ತಿಂಗಳೊಳಗೆ ಅರ್ಜಿ ಸಲ್ಲಬೇಕು. ಆದುದರಿಂದ ಗಾಯ ಮಾಯಲಿ ಎಂದು ಕಾಯುತ್ತ ಕೂರುವುದು ಸಲ್ಲದು. ಯಾರ ತಪ್ಪೆಂಬ ವಾದವಿಲ್ಲದೆ ದೊರೆಯುವ ಪರಿಹಾರವೂ ಒಂದಿದೆ: ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ. ಆದರೆ ಇದನ್ನು ಅಂಗೀಕರಿಸಿದರೆ ಪೂರ್ಣ ಪರಿಹಾರದ ಅರ್ಜಿ ಬಿದ್ದುಹೋಗುವ ಸಂಭವವಿರುವುದರಿಂದ ವಕೀಲರ ಸಲಹೆಯಿಲ್ಲದೆ ಒಪ್ಪಬಾರದು. ಗುದ್ದಿದ ವಾಹನವು ಪತ್ತೆಯಾಗದೆ ಓಡಿಹೋಗಿದ್ದರೆ ಸರ್ಕಾರದ ಯೋಜನೆಯಿಂದ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ದೊರೆಯುತ್ತದೆ. ಇದಕ್ಕೆ ತಹಸೀಲ್ದಾರರಂತಹ ಕಂದಾಯ ಅಧಿಕಾರಿಗಳಲ್ಲಿ ಅರ್ಜಿ ಸಲ್ಲಿಸಬೇಕು.

ಮುಂಬಯಿಯ ಜೀವನಾಡಿಯಾದ ಲೋಕಲ್ ಗಾಡಿಯ ಮಾತನ್ನೂ ಹೇಳದೆ ಮುಂದುವರಿಯಲಾಗದು. ರೈಲ್ವೆಯ ವಿಷಯಗಳಿಗೆ ಬೇರೆಯೇ ಆದ ರೈಲ್ವೆ ಪರಿಹಾರ ನ್ಯಾಯಮಂಡಳಿಯಿದೆ. ಅದರ ಒಂದು ಪೀಠ ಈ ನಗರದಲ್ಲಿಯೇ ಇದೆ. 1994ರ ತಿದ್ದುಪಡಿಯಂತೆ, ಪ್ರಯಾಣಿಕನು ಓಡುವ ಗಾಡಿಯಿಂದ ಆಕಸ್ಮಿಕವಾಗಿ ಬಿದ್ದರೆ ರೈಲ್ವೆಯ ತಪ್ಪನ್ನು ತೋರಿಸದೆಯೂ ಪರಿಹಾರ ಕೇಳಬಹುದು. ಮರಣಕ್ಕೆ ಗೊತ್ತಾದ ಮೊತ್ತವನ್ನು 2017ರ ಜನವರಿ 1ರಿಂದ 4 ಲಕ್ಷದಿಂದ 8 ಲಕ್ಷ ರೂಪಾಯಿಗೆ ಏರಿಸಲಾಯಿತು; ಗಾಯಗಳಿಗೆ ಪಟ್ಟಿಯಂತೆ ಬೇರೆ ಬೇರೆ ಮೊತ್ತಗಳಿವೆ. ಅರ್ಜಿಯ ಅವಧಿ 1 ವರ್ಷ. ಗಾಡಿಯನ್ನು ಹತ್ತುವಾಗ ಅಥವಾ ಇಳಿಯುವಾಗ ಬಿದ್ದವರಿಗೂ ಪರಿಹಾರವಿದೆಯೆಂದೂ, ಬಿದ್ದವನ ಬಳಿ ಟಿಕೆಟು ಸಿಗಲಿಲ್ಲವೆಂಬುದೊಂದರಿಂದಲೇ ಅರ್ಜಿಯನ್ನು ತಳ್ಳಿಹಾಕಲಾಗದೆಂದೂ 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಆದರೆ ಹಳಿಗಳನ್ನು ದಾಟುವವನು ಪ್ರಯಾಣಿಕನಲ್ಲ. ಅವನು ಕಾಯಿದೆಯ ದೃಷ್ಟಿಯಲ್ಲಿ ಅತಿಕ್ರಮಣಕಾರ. ಐದು ನಿಮಿಷ ಉಳಿಸಲೆಂದು ಸೇತುವೆಯನ್ನು ಬಿಟ್ಟು ಹಳಿಗಿಳಿಯುವವನು ಪ್ರಾಣವನ್ನೂ ಹಕ್ಕನ್ನೂ ಒಟ್ಟಿಗೇ ಪಣಕ್ಕೊಡ್ಡುತ್ತಾನೆ.

"ವಕೀಲರಿಗೆ ಕೊಡಲು ಹಣವೆಲ್ಲಿದೆ?" ಎಂಬ ಚಿಂತೆಗೂ ಉತ್ತರವಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಸ್ತ್ರೀಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು, ಕಡಮೆ ವರಮಾನದವರು ಇವರಿಗೆಲ್ಲ ವಕೀಲರ ನೆರವು ಉಚಿತ. 15100 ಎಂಬ ದೂರವಾಣಿ ಸಂಖ್ಯೆಯಲ್ಲಿ ವಿಚಾರಿಸಬಹುದು. ಉಭಯಪಕ್ಷಗಳೂ ಒಪ್ಪಿದರೆ ಲೋಕ ಅದಾಲತ್ತಿನಲ್ಲಿ ರಾಜಿಯಿಂದ ಬೇಗನೆ ಇತ್ಯರ್ಥವಾಗುವುದು. ಆದರೆ ಅಲ್ಲಿಯ ತೀರ್ಮಾನವೇ ಅಂತಿಮ, ಮೇಲ್ಮನವಿಯಿಲ್ಲ; ಆದುದರಿಂದ ಮೊತ್ತವನ್ನು ತೂಗಿನೋಡಿಯೇ ಒಪ್ಪಿಗೆ ಕೊಡಬೇಕು. ಆಸ್ಪತ್ರೆಯ ಅಂಗಳದಲ್ಲಿ ಸುಳಿದಾಡಿ "ನಾವು ಎಲ್ಲವನ್ನೂ ಮಾಡಿಸುತ್ತೇವೆ, ಬಂದುದರಲ್ಲಿ ಅರ್ಧ ನಮಗೆ" ಎನ್ನುವ ದಲ್ಲಾಳಿಗಳನ್ನು ದೂರವಿಡಬೇಕು. ಪರಿಹಾರದಲ್ಲಿ ಪಾಲು ಕೇಳುವುದು ವಕೀಲರ ವೃತ್ತಿನಿಯಮಕ್ಕೇ ವಿರುದ್ಧವಾದದ್ದು.

ಹಕ್ಕಿನ ಜೊತೆಗೆ ಕರ್ತವ್ಯವೂ ಇದೆಯೆಂಬುದನ್ನು ನಾವು ಮರೆಯಬಾರದು. ಇಲ್ಲದ ಗಾಯವನ್ನು ಹೇಳಿ, ಸುಳ್ಳು ಸಾಕ್ಷಿ ಹೂಡಿ ಹಣ ಪಡೆಯುವವನು ನಿಜವಾದ ಗಾಯಾಳುವಿನ ಮಾತಿಗೂ ಸಂಶಯದ ಮಸಿ ಬಳಿಯುತ್ತಾನೆ. ರಸ್ತೆಯಲ್ಲಿ ಬಿದ್ದವನನ್ನು ಕಂಡೂ ಕಾಣದಂತೆ ಹೋಗುವುದು ಇನ್ನೊಂದು ದೋಷ. "ಪೊಲೀಸರು ನಮ್ಮನ್ನೇ ಹಿಡಿದಾರು" ಎಂಬ ಹೆದರಿಕೆಗೆ ಈಗ ಕಾರಣವಿಲ್ಲ. ಸದುದ್ದೇಶದಿಂದ ನೆರವಾದವನ ಮೇಲೆ ಯಾವ ಹೊಣೆಯನ್ನೂ ಹೊರಿಸಕೂಡದೆಂದೂ, ತನ್ನ ಹೆಸರನ್ನು ಹೇಳುವಂತೆ ಅವನನ್ನು ಬಲವಂತಪಡಿಸಕೂಡದೆಂದೂ ರಕ್ಷಣೆ ದೊರೆತಿದೆ. ಈ ಬಗೆಯ ಸೂಚನೆಗಳಿಗೆ 2016ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುದ್ರೆ ಬಿದ್ದಿತು. 2019ರಲ್ಲಿ ಅವು ಕಾಯಿದೆಯಲ್ಲಿಯೇ ಸೇರಿದವು.

"ಉಪ್ಪು ತಿಂದವನು ನೀರು ಕುಡಿಯಲೇಬೇಕು" ಎಂದು ನಮ್ಮ ಹಿರಿಯರು ಹೇಳುತ್ತಾರೆ. ತಪ್ಪು ಮಾಡಿದವನೇ ಅದರ ಭಾರವನ್ನು ಹೊರಬೇಕೆಂಬ ಈ ಹಳೆಯ ನ್ಯಾಯವನ್ನೇ ಹೊಸ ಕಾಯಿದೆಗಳು ಅಂಕಿಸಂಖ್ಯೆಗಳಲ್ಲಿ ಬರೆದಿಟ್ಟಿವೆ. ಆದರೆ ಪುಸ್ತಕದಲ್ಲಿರುವ ಹಕ್ಕು ತಾನಾಗಿ ಎದ್ದು ಬಂದು ಯಾರ ಮನೆಯ ಬಾಗಿಲನ್ನೂ ತಟ್ಟುವುದಿಲ್ಲ. ತಿಳಿದವರು ತಿಳಿಯದವರಿಗೆ ಹೇಳಬೇಕು. ನೆರೆಮನೆಯ ದುಡಿಯುವ ಕೈಯೊಂದಕ್ಕೆ ಪೆಟ್ಟಾದಾಗ, ಕಾಗದಗಳನ್ನು ಜೋಪಾನವಾಗಿಡುವಂತೆ ಹೇಳಲು, ಆರು ತಿಂಗಳ ಗಡುವನ್ನು ನೆನಪಿಸಲು, ಉಚಿತ ವಕೀಲರ ನೆರವಿನ ದಾರಿಯನ್ನು ತೋರಿಸಲು ಹತ್ತನೆಯ ಇಯತ್ತೆಯ ವಿದ್ಯಾರ್ಥಿಯೂ ಸಮರ್ಥ. ಅಷ್ಟರಿಂದ ಒಂದು ಮನೆಯ ಒಲೆ ಉರಿಯುತ್ತಿರಬಹುದು. ನಮ್ಮ ಜೊತೆಯ ಒಬ್ಬ ಸಹಪಾಠಿ ಬರುವ ವರ್ಷವೂ ನಮ್ಮ ಪಕ್ಕದ ಬೆಂಚಿನಲ್ಲಿಯೇ ಕುಳಿತು ಓದಬಹುದು.